ಇಂಜಿನ್ನಿನ ಮೇಲಿನ ಕೋಣೆ

ಜನವರಿ 11

ಅತ್ತೆಗೆ,

ಫೋನಿನಲ್ಲಿ ಕೇಳಿದರೆ ನೀವು ಎಲ್ಲದಕ್ಕೂ "ಹೂಂ" ಅಂದುಬಿಡುತ್ತೀರಿ, ಆಮೇಲೆ ಎರಡು ದಿನ ಒದ್ದಾಡಿ "ಆಗಲ್ಲ ಕಣೇ" ಅನ್ನುತ್ತೀರಿ. "ಮುಖ್ಯವಾದದ್ದು ಏನಿದ್ರೂ ಕಾಗದದಲ್ಲಿ ಬರಿ, ಯೋಚನೆ ಮಾಡಿ ಉತ್ತರ ಕೊಡ್ತೀನಿ" ಎಂದು ನಾನು ಸೊಸೆಯಾಗಿ ಬಂದ ಹೊಸದರಲ್ಲೇ ಕಾನೂನು ಮಾಡಿಟ್ಟವರು ನೀವೇ. ಆದ್ದರಿಂದ ಈ ಕಾಗದ.

ವಿಷಯ ಇಷ್ಟೇ. ಮಕ್ಕಳ ರಜೆಯಲ್ಲಿ ಹಡಗಿನ ಪ್ರವಾಸ ಹೋಗೋಣ ಎಂದುಕೊಂಡಿದ್ದೇವೆ. ಮೂರೇ ರಾತ್ರಿ. ನಮ್ಮಲ್ಲಿ ಯಾರೂ ಹಡಗು ಹತ್ತಿದವರಲ್ಲ, ಹಾಗಾಗಿ ಚಿಕ್ಕದರಿಂದ ಶುರು ಮಾಡುವುದು ಒಳ್ಳೆಯದು. ಕನ್ನಡಕದ ಅಂಗಡಿಯಲ್ಲಿ ಗಿರಾಕಿಗಳ ಕಣ್ಣ ಮುಂದೆ ಗಾಜು ಬದಲಿಸುತ್ತಾ "ಇದು ಚೆನ್ನಾಗಿ ಕಾಣುತ್ತಾ, ಅದಾ?" ಎಂದು ಕೇಳುವವಳು ಈಗ ವಾರದಿಂದ ನಿಮ್ಮ ಮಗನ ಮುಂದೆ ಹಡಗಿನ ಚಿತ್ರಗಳನ್ನು ಹಿಡಿದು ಅದನ್ನೇ ಕೇಳುತ್ತಿದ್ದೇನೆ. ಅವರಿಗೆ ಎಲ್ಲ ಹಡಗೂ ಒಂದೇ ಥರ ಕಾಣುತ್ತವೆ. ಅವರು ಕೇಳಿದ್ದು ಒಂದೇ ಪ್ರಶ್ನೆ: "ಲಿಫ್ಟ್ ಎಷ್ಟಿದೆ?" ದಿನವಿಡೀ ಲಿಫ್ಟ್ ರಿಪೇರಿ ಮಾಡುವ ಮನುಷ್ಯ ರಜೆಯಲ್ಲೂ ಲಿಫ್ಟನ್ನೇ ಹುಡುಕಿಕೊಂಡು ಹೋದರೆ ನಾನೇನು ಮಾಡಲಿ! ನಮ್ಮ ಮಗಳು ಲಾಯರಮ್ಮನ ಪ್ರಶ್ನೆ ಬೇರೆ. ಹಡಗು ಮುಳುಗಿದರೆ ಅವಳ ಶಾಲೆಯ ಬ್ಯಾಗನ್ನು ಯಾರು ಎತ್ತಿಕೊಳ್ಳಬೇಕು? ಏಳು ವರ್ಷಕ್ಕೆ ಈ ಪಾಟಿ ಸವಾಲು. ಅವಳ ತಮ್ಮ ಬುಗುರಿ ಯಾವ ಪ್ರಶ್ನೆಯನ್ನೂ ಕೇಳಲಿಲ್ಲ, ಹೆಸರಿಗೆ ತಕ್ಕ ಹಾಗೆ ಚಿತ್ರಗಳ ಮೇಲೆಯೇ ಗಿರಗಿರನೆ ತಿರುಗಿದ.

ಕೊನೆಗೆ ಎರಡು ಹಡಗು ಉಳಿದಿವೆ. ಒಂದು ದೊಡ್ಡದು, ಜಾರುಬಂಡೆ, ಸಿನಿಮಾ, ಅಂಗಡಿ ಎಲ್ಲ ಇವೆ. ಇನ್ನೊಂದು ಚಿಕ್ಕದು, ಹಳೆಯದು, ಒಂದು ದ್ವೀಪ ಸುತ್ತಿಸಿಕೊಂಡು ಬರುತ್ತದೆ. ಯಾವುದಾದರೂ ಸರಿ, ನೀವು ನಮ್ಮ ಜೊತೆ ಬರಬೇಕು. ನೀವು ಬರದಿದ್ದರೆ ಇದು ಆಗುವ ಹೋಗುವ ಮಾತಲ್ಲ. ಹೋದ ತಿಂಗಳು ಒಂದು ಗೆಸ್ಟ್ ಹೌಸಿಗೆ ಹೋಗಿ ನೋಡಿದೆವು, ಅಷ್ಟೇನೂ ಸರಿಹೋಗಲಿಲ್ಲ. ಅದನ್ನು ಬಿಡಿ.

ಇನ್ನೊಂದು ಮಾತು, ಬೇಜಾರು ಮಾಡಿಕೊಳ್ಳಬೇಡಿ. ಲಾಯರಮ್ಮನಿಗೆ ಮೈಯೆಲ್ಲ ಗುಳ್ಳೆ ಎದ್ದಾಗ ಬುಗುರಿಯನ್ನು ಒಂದು ವಾರ ನಿಮ್ಮಲ್ಲಿ ಬಿಟ್ಟಿದ್ದೆವಲ್ಲ, ಅಲ್ಲಿಂದ ಬಂದ ಮೇಲೆ ಅವನದು ಒಂದೇ ಮಾತು: "ಅಜ್ಜಿ ಮನೇಲಿ ರಾತ್ರಿ ಮಿಷನ್ ಓಡುತ್ತೆ." ನಿಜವೇ ಅತ್ತೆ? ಹಗಲೆಲ್ಲ ಅಂಗಡಿಯಲ್ಲಿ ಪರದೆ ಹೊಲಿದು ರಾತ್ರಿಯೂ ಮಿಷನ್ ಮೇಲೆ ಕೂರುತ್ತೀರಾ? ಬನ್ನಿ, ಮೂರು ದಿನವಾದರೂ ಕೈಗೆ ಬಿಡುವು ಕೊಡಿ.

ನಿಮ್ಮ ಸೊಸೆ


ಜನವರಿ 19

ನನ್ನ ಸೊಸೆಗೆ,

ನಿನ್ನ ಕಾಗದವನ್ನು ಬಟ್ಟೆ ಕತ್ತರಿಸುವ ಮೇಜಿನ ಮೇಲಿಟ್ಟು ಓದಿದೆ. ಈಗ ಅದಕ್ಕೆ ಸೀಮೆಸುಣ್ಣ ಮೆತ್ತಿಕೊಂಡಿದೆ, ಅಂದರೆ ನಾನು ಅದನ್ನು ಮತ್ತೆ ಮತ್ತೆ ಓದಿದ್ದೇನೆ ಎಂದು ತಿಳಿದುಕೋ.

ದೊಡ್ಡ ಹಡಗು ಬೇಡ. ಅಂಗಡಿ, ಸಿನಿಮಾ ಬೇಕಿದ್ದರೆ ಬಸ್ಸು ಹತ್ತಿ ಪೇಟೆಗೆ ಹೋಗು, ಅಲ್ಲಿ ಮಗು ಕಣ್ಣು ತಪ್ಪಿಸಿದರೆ ಸುತ್ತ ನೀರಾದರೂ ಇರುವುದಿಲ್ಲ. ಚಿಕ್ಕ ಹಡಗೇ ಸರಿ, ಅದರಲ್ಲಿ ಬುಗುರಿ ಎಲ್ಲಿಗೆ ಓಡಿದರೂ ತಿರುಗಿ ನಿನ್ನ ಹತ್ತಿರವೇ ಬರಬೇಕು. ಬಾಲ್ಕನಿ ಇರುವ ಕೋಣೆ ಅಂತೂ ಬೇಡವೇ ಬೇಡ. ನನ್ನ ಅಂಗಡಿಯ ಬಟ್ಟೆಯ ರ್‍ಯಾಕನ್ನು ಮೇಲಿನ ಹಲಗೆಯ ತನಕ ಹತ್ತಿ "ಅಜ್ಜೀ, ನಾನು ಪರದೆ!" ಎಂದು ಕೂಗಿದವನು ಅವನು. ನಿನಗೆ ಹೇಳಿರಲಿಲ್ಲ, ಈಗ ಹೇಳಿದೆ. ಕಿಟಕಿಯೇ ಇಲ್ಲದ ಕೋಣೆ ಸಿಕ್ಕರೆ ಇನ್ನೂ ಒಳ್ಳೆಯದು. ಮಧ್ಯಾಹ್ನವೂ ಕತ್ತಲಿರುತ್ತದೆ, ಮಕ್ಕಳು ಊಟವಾದ ಮೇಲೆ ಒಂದು ನಿದ್ದೆ ತೆಗೆಯುತ್ತವೆ. ಪರದೆಯವಳ ಮಾತು ಕೇಳು.

ಇನ್ನು ರಾತ್ರಿಯ ಮಿಷನ್ ವಿಷಯ. ಹೌದು, ಓಡಿಸುತ್ತೇನೆ. ಒಂದು ಸಭಾಂಗಣಕ್ಕೆ ದೊಡ್ಡ ಪರದೆ ಹೊಲಿಯುವುದಿದೆ, ಹಗಲು ಸಾಲುವುದಿಲ್ಲ. ಹಾಗಾಗಿ ನನಗೆ ಬರಲು ಆಗುವುದಿಲ್ಲ. ನೀವು ನಾಲ್ಕು ಜನ ಹೋಗಿ ಬನ್ನಿ, ಫೋಟೋ ಕಳಿಸಿ.

ಸುಮ್ಮನೆ ತಿಳಿದುಕೊಳ್ಳೋಣ ಎಂದು ಕೇಳುತ್ತಿದ್ದೇನೆ, ಹಡಗಿನ ಕೋಣೆಗಳ ಗೋಡೆ ಎಂಥದ್ದು? ಕಬ್ಬಿಣವೋ, ಹಲಗೆಯೋ? ಒಂದು ಹಾಸಿಗೆಗೂ ಇನ್ನೊಂದು ಹಾಸಿಗೆಗೂ ನಡುವೆ ಜಾಗ ಎಷ್ಟಿರುತ್ತದೆ?

ನಿನ್ನ ಅತ್ತೆ


ಜನವರಿ 30

ಅತ್ತೆಗೆ,

ಚಿಕ್ಕ ಹಡಗೇ ಎಂದು ತೀರ್ಮಾನವಾಯಿತು. ನಿಮ್ಮ ಮಗನಿಗೆ ಅದರಲ್ಲಿ ಒಂದೇ ಲಿಫ್ಟು ಎಂದು ಸ್ವಲ್ಪ ನಿರಾಸೆ.

ಶನಿವಾರ ಮಕ್ಕಳನ್ನು ಕರೆದುಕೊಂಡು ಟಿಕೆಟ್ ಏಜೆಂಟರ ಹತ್ತಿರ ಹೋಗಿದ್ದೆ. ಗಾಜಿನ ಪೆಟ್ಟಿಗೆಯೊಳಗೆ ಆಟಿಕೆಯಂಥ ಹಡಗೊಂದನ್ನು ಇಟ್ಟಿದ್ದಾರೆ, ಬುಗುರಿ ಆ ಗಾಜನ್ನು ನೆಕ್ಕಿದ. ಏಜೆಂಟರು ಪಾಪ ಒಳ್ಳೆಯವರು, ನೋಡದ ಹಾಗೆ ಇದ್ದರು. ಮಕ್ಕಳನ್ನು ನೋಡಿಕೊಳ್ಳುವ ಆಟದ ಕೋಣೆ ಇದೆಯಂತೆ, ಆದರೆ ಡಯಾಪರ್ ಬಿಟ್ಟಿರುವ ಮಕ್ಕಳಿಗೆ ಮಾತ್ರ. ಈಜುಕೊಳಕ್ಕೂ ಅದೇ ನಿಯಮ. ಬುಗುರಿ ಹಗಲು ಬಿಟ್ಟಿದ್ದಾನೆ, ರಾತ್ರಿ ಬಿಟ್ಟಿಲ್ಲ ಅಂದೆ. ಲಾಯರಮ್ಮ ತಕ್ಷಣ ಎದ್ದು ನಿಂತು, "ಈಜುಕೊಳ ರಾತ್ರಿ ಮುಚ್ಚಿರುತ್ತಲ್ಲ, ಹಾಗಾದ್ರೆ ಇವನಿಗೂ ಬಿಡ್ಬೇಕು" ಎಂದು ವಾದ ಮಂಡಿಸಿ ಗೆದ್ದಳು. ಊಟ ಎರಡು ಸರದಿಯಲ್ಲಿ, ನಾವು ಮೊದಲ ಸರದಿ ಕೇಳಿದ್ದೇವೆ. ತೊಟ್ಟಿಲು ಕೇಳಿದರೆ ಕೊಡುತ್ತಾರೆ. ಹಾಲು ಯಾವ ಹೊತ್ತಿಗಾದರೂ ಸಿಗುತ್ತದೆ.

ನೀವು ಕೇಳಿದ ಗೋಡೆಯ ವಿಷಯವನ್ನೂ ವಿಚಾರಿಸಿದೆ. ತೆಳು ಹಲಗೆಯಂತೆ, ಪಕ್ಕದ ಕೋಣೆಯವರು ಕೆಮ್ಮಿದರೂ ಕೇಳುತ್ತದಂತೆ. ಐದು ಜನರ ಕೋಣೆಯಲ್ಲಿ ಎರಡು ಅಂತಸ್ತಿನ ಎರಡು ಮಂಚ, ಒಂದು ಸೋಫಾ. ಕೈ ಚಾಚಿದರೆ ಪಕ್ಕದವರ ಮೂಗು ಸಿಗುತ್ತದೆ. ಆದರೆ ಮುಳುಗುವ ಭಯ ಖಂಡಿತ ಬೇಡ ಅತ್ತೆ, ಹಡಗಿನ ಹೊರಮೈ ಪೂರ್ತಿ ಉಕ್ಕಿನದು.

ಒಂದು ಮಾತು ನೇರವಾಗಿ ಹೇಳಿಬಿಡುತ್ತೇನೆ. ನಮ್ಮ ಅಂಗಡಿಯಲ್ಲಿ ನನ್ನ ಜೊತೆ ಕೆಲಸ ಮಾಡುವವಳು, "ಮಕ್ಕಳನ್ನ ನೋಡ್ಕೊಳ್ಳೋಕೆ ಕರೀತಿದ್ದೀರ ಅಂತ ನಿಮ್ಮತ್ತೆಗೆ ಗೊತ್ತಾಗಿದೆ, ಅದಕ್ಕೇ ಬರ್ತಿಲ್ಲ" ಅಂದಳು. ಅದನ್ನು ಕೇಳಿದಾಗಿನಿಂದ ಮನಸ್ಸಿಗೆ ಸಮಾಧಾನವಿಲ್ಲ. ನಿಮ್ಮನ್ನು ಆಯಾ ಕೆಲಸಕ್ಕೆ ಕರೆಯುತ್ತಿಲ್ಲ. ನೀವು ಡೆಕ್ಕಿನ ಮೇಲೆ ಕಾಲು ಚಾಚಿ ಕೂತರೆ ಸಾಕು, ಬುಗುರಿಯ ಹಿಂದೆ ಓಡುವುದಕ್ಕೆ ನಾವಿಬ್ಬರಿದ್ದೇವೆ.

ರಾತ್ರಿ ಮಿಷನ್ ಓಡಿಸುವುದನ್ನು ನೀವಾಗಿ ನಿಲ್ಲಿಸದಿದ್ದರೆ ಭಾನುವಾರ ನಿಮ್ಮ ಮಗನನ್ನು ಕಳಿಸುತ್ತೇನೆ. ಮಿಷನ್ನಿನ ಬೆಲ್ಟ್ ಬಿಚ್ಚಿಕೊಂಡು ಬರಲು ಹೇಳಿದ್ದೇನೆ. ತಮಾಷೆಯಲ್ಲ.

ನಿಮ್ಮ ಸೊಸೆ


ಫೆಬ್ರವರಿ 7

ಬೆಲ್ಟ್ ಬಿಚ್ಚಿಸುವ ಸೊಸೆಗೆ,

ನಿನ್ನ ಗಂಡ ಬಂದಿದ್ದ. ಬಂದವನು "ಹೇಗಿದ್ದೀಯಮ್ಮಾ" ಎಂದು ಕೇಳುವುದಕ್ಕೂ ಮೊದಲು ಮನೆಯ ಮಿಷನ್ನಿನ ಮುಚ್ಚಳ ತೆಗೆದ. ಬೆರಳಿನಿಂದ ಒರೆಸಿ ನೋಡಿ, "ಇದು ಓಡಿ ಎಷ್ಟು ಕಾಲವಾಯ್ತಮ್ಮಾ? ಎಣ್ಣೆಯೆಲ್ಲ ಅಂಟಾಗಿದೆ" ಅಂದ. ಅಂಗಡಿಯ ಮಿಷನ್ ಓಡಿಸುತ್ತೇನೆ ಅಂದೆ. ಅವನು ಊಟ ಮಾಡಿ, ಮಿಷನ್ನಿಗೆ ಎಣ್ಣೆ ಬಿಟ್ಟು, ಬಾಗಿಲ ಕೀಲಿಗೂ ಅದೇ ಎಣ್ಣೆ ಹಾಕಿ ಹೋದ. ಆ ಹುಡುಗ ಚಿಕ್ಕಂದಿನಿಂದಲೂ ಹಾಗೇ. ಏನು ಗೊತ್ತು, ಏನು ಗೊತ್ತಿಲ್ಲ ಎಂದು ಅವನ ಮುಖ ನೋಡಿ ಹೇಳಲು ಆಗುವುದಿಲ್ಲ.

ಆಯಾ ಎಂದು ನಾನೆಲ್ಲಿ ಹೇಳಿದೆ? ಒಂದು ಅಂಗಡಿ ತುಂಬ ಹೊಲಿಯುವವರನ್ನು, ಅಳತೆ ತಪ್ಪಾಗಿ ಕೊಟ್ಟು ನನ್ನನ್ನೇ ಬೈಯುವ ಗಿರಾಕಿಗಳನ್ನು ಸಂಭಾಳಿಸುವವಳಿಗೆ ನಿನ್ನ ಎರಡು ಮಕ್ಕಳು ಯಾವ ಲೆಕ್ಕ? ನಿನ್ನ ಜೊತೆ ಕೆಲಸ ಮಾಡುವವಳಿಗೆ ಹೇಳು, ಬೇರೆಯವರ ಮನೆಯ ಅತ್ತೆಯರನ್ನು ಅಳೆಯುವ ಮೊದಲು ಅವಳ ಕನ್ನಡಕ ಒರೆಸಿಕೊಳ್ಳಲಿ.

ಸರಿ, ನೀನು ಇಷ್ಟು ಹೇಳುತ್ತಿದ್ದೀಯ, ನಾನು ಬರುತ್ತೇನೆ. ಆದರೆ ಒಂದು ಷರತ್ತು. ನನಗೆ ಬೇರೆ ಕೋಣೆ ಬೇಕು. ನಿಮ್ಮ ಪಕ್ಕದ ಕೋಣೆಯಲ್ಲ, ಹಡಗಿನ ಇನ್ನೊಂದು ತುದಿಯಲ್ಲಿ. ಬೇರೆ ಮಹಡಿಯಾದರೆ ಇನ್ನೂ ಒಳ್ಳೆಯದು. ಊಟಕ್ಕೆ, ಆಟಕ್ಕೆ, ಕಡಲು ನೋಡುವುದಕ್ಕೆ ನಿಮ್ಮ ಜೊತೆ ಇರುತ್ತೇನೆ. ಮಲಗುವುದಕ್ಕೆ ಮಾತ್ರ ಬೇರೆ. ಯಾಕೆ ಎಂದು ಕೇಳಬೇಡ.

ಅತ್ತೆ


ಫೆಬ್ರವರಿ 15

ಅತ್ತೆಗೆ,

ವಿಚಾರಿಸಿದೆ. ಚಿಕ್ಕ ಹಡಗಿನಲ್ಲಿ ಒಬ್ಬರ ಕೋಣೆ ಇಲ್ಲ. ದೊಡ್ಡ ಹಡಗಿನಲ್ಲಿ ಇದೆ, ಆದರೆ ಅದು ಬೇಡ ಎಂದವರೂ ನೀವೇ. ನಕ್ಷೆಯಲ್ಲಿ ಆ ತುದಿಯಿಂದ ಈ ತುದಿಗೆ ಕೈಯಿಟ್ಟು ನೋಡಿದೆ. ನಮ್ಮ ಜೊತೆ ಒಂದು ಸೂರಿನಡಿ ಮಲಗುವುದು ನಿಮಗೆ ಅಷ್ಟು ಕಷ್ಟ ಎಂದು ನನಗೆ ಗೊತ್ತಿರಲಿಲ್ಲ. ಇಷ್ಟು ವರ್ಷದಲ್ಲಿ ನಮ್ಮ ಮನೆಗೆ ಬಂದಾಗಲೆಲ್ಲ ಸಂಜೆಯ ಬಸ್ಸಿಗೇ ಹೊರಟುಬಿಡುತ್ತೀರಲ್ಲ, ಅಂಗಡಿಯ ಕೆಲಸ ಎಂದುಕೊಂಡಿದ್ದೆ. ಈಗ ಅರ್ಥವಾಯಿತು.

ಏಜೆಂಟರು ಈ ತಿಂಗಳ ಕೊನೆಯವರೆಗೆ ಕೋಣೆ ಹಿಡಿದಿಟ್ಟಿದ್ದಾರೆ. ನಾಲ್ವರೇ ಹೋಗುವುದೋ, ಬಿಟ್ಟೇಬಿಡುವುದೋ ನೋಡುತ್ತೇನೆ. ನಿಮ್ಮ ಸಭಾಂಗಣದ ಪರದೆ ಚೆನ್ನಾಗಿ ಬರಲಿ.

ಸೊಸೆ

(ಇದೇ ಲಕೋಟೆಯಲ್ಲಿ, ಚಿತ್ರ ಬರೆಯುವ ಹಾಳೆಯ ಹಿಂದೆ)

ಅಜ್ಜಿ, ನಾನು ಲಾಯರಮ್ಮ. ಕವರಿಗೆ ಅಂಟು ಹಚ್ಚು ಅಂತ ಅಮ್ಮ ನಂಗೆ ಕೊಟ್ಟಿದ್ದಾರೆ. ಅದಕ್ಕೆ ಇದನ್ನ ಒಳಗೆ ಹಾಕ್ತಿದ್ದೀನಿ. ಬುಗುರಿ ರಾತ್ರಿ ಮಲಗೋದೇ ಇಲ್ಲ. ಗೆಸ್ಟ್ ಹೌಸಲ್ಲಿ ಫುಲ್ ರಾತ್ರಿ ಅತ್ತ. ಬೆಳಿಗ್ಗೆನೇ ವಾಪಸ್ ಬಂದ್ವಿ. ನಾನು ಈಜಲೇ ಇಲ್ಲ. ಅಜ್ಜಿ ಮಿಷನ್ ಬೇಕು ಅಜ್ಜಿ ಮಿಷನ್ ಬೇಕು ಅಂತಾನೆ. ಅಪ್ಪ ಫೋನಲ್ಲಿ ಮಿಷನ್ ಸೌಂಡ್ ಹಾಕಿದ್ರು. ಇದಲ್ಲ ಅಂದ. ಅಮ್ಮ ಅಡುಗೆಮನೇಲಿ ಹೋಗಿ ಅತ್ತರು. ಇದನ್ನ ಅಜ್ಜಿಗೆ ಹೇಳಬೇಡ ಅಂತ ಅಮ್ಮ ಹೇಳಿಲ್ಲ. ಅದಕ್ಕೆ ಹೇಳಿದ್ರೆ ತಪ್ಪಲ್ಲ. ಹಡಗಿಗೆ ಬರುವಾಗ ಮಿಷನ್ ತನ್ನಿ.


ಫೆಬ್ರವರಿ 18

ಮಗಳೇ,

ಲಾಯರಮ್ಮನನ್ನು ಬೈಯಬೇಡ. ಅವಳ ಚೀಟಿ ಬರದಿದ್ದರೆ ನಾನು ಈ ಕಾಗದವನ್ನು ಎಂದೂ ಬರೆಯುತ್ತಿರಲಿಲ್ಲ.

ಸಭಾಂಗಣವೂ ಇಲ್ಲ, ಪರದೆಯೂ ಇಲ್ಲ. ರಾತ್ರಿ ನಾನು ಮಿಷನ್ ಮುಟ್ಟುವುದಿಲ್ಲ. ಬುಗುರಿ ಕೇಳಿದ್ದು ನನ್ನ ಗೊರಕೆ. ಬರೆದುಬಿಟ್ಟೆ ನೋಡು, ನಗು ಬರುತ್ತಿದೆ.

ಇದು ಅಂಥಿಂಥ ಗೊರಕೆಯಲ್ಲ. ನಿನ್ನ ಮಾವ ಇದ್ದಾಗ ನನಗಿಂತ ಮೊದಲು ಮಲಗಿ, ಗಾಢವಾಗಿ ನಿದ್ದೆ ಹೋಗಿ ಬಚಾವಾಗುತ್ತಿದ್ದರು. "ನೀನು ಮಲಗೋಕೆ ಮುಂಚೆ ನಂಗೆ ಹೇಳು, ನಾನು ಓಡಿಹೋಗಿ ನಿದ್ದೆ ಮಾಡ್ತೀನಿ" ಅನ್ನುತ್ತಿದ್ದರು. ಅದು ಗಂಡ ಹೆಂಡಿರ ತಮಾಷೆ, ನನಗೆ ಬೇಜಾರಿರಲಿಲ್ಲ. ಅವರು ಹೋದ ಮೇಲೆ ಒಂದು ಸಲ ಅಂಗಡಿಯ ಹೆಂಗಸರೆಲ್ಲ ಸೇರಿ ಪ್ರವಾಸ ಹೋದೆವು. ಉದ್ದನೆಯ ಒಂದು ಕೋಣೆಯಲ್ಲಿ ಸಾಲಾಗಿ ಹಾಸಿಗೆ. ಬೆಳಿಗ್ಗೆ ಎದ್ದು ನೋಡುತ್ತೇನೆ, ಇಡೀ ಕೋಣೆಯಲ್ಲಿ ನಾನೊಬ್ಬಳೇ. ಉಳಿದವರೆಲ್ಲ ದಿಂಬು ಹೊದಿಕೆ ಎತ್ತಿಕೊಂಡು ಹೋಗಿ ಹೊರಗಿನ ಜಗಲಿಯಲ್ಲಿ ಚಳಿಗೆ ಮುದುರಿ ಮಲಗಿದ್ದರು. ಬಟ್ಟೆ ಕತ್ತರಿಸುವ ಅಕ್ಕ ಅದನ್ನು ನಟನೆ ಮಾಡಿ ತೋರಿಸಿ ಒಂದು ವರ್ಷ ಎಲ್ಲರನ್ನೂ ನಗಿಸಿದಳು. ನಾನೂ ನಕ್ಕೆ. ಆದರೆ ಅವತ್ತಿನಿಂದ ಯಾರ ಮನೆಯಲ್ಲೂ ರಾತ್ರಿ ಉಳಿದಿಲ್ಲ, ನಿಮ್ಮ ಮನೆಯಲ್ಲೂ. ಸಂಜೆಯ ಬಸ್ಸಿಗೆ ಹೊರಡುವುದು ಅದಕ್ಕೆ. ನೀನು ಅರ್ಥ ಮಾಡಿಕೊಂಡದ್ದಕ್ಕಲ್ಲ.

ಬುಗುರಿಯನ್ನು ಪಕ್ಕದ ಕೋಣೆಯಲ್ಲಿ ಮಲಗಿಸಿ ನಡುವೆ ಬಾಗಿಲು ಮುಚ್ಚುತ್ತಿದ್ದೆ. ಬೆಳಿಗ್ಗೆ ನೋಡಿದರೆ ನನ್ನ ಕಾಲ ಹತ್ತಿರ ಮುದುರಿಕೊಂಡಿರುತ್ತಿದ್ದ. ಕತ್ತಲಿಗೆ ಹೆದರಿ ಬಂದಿದ್ದಾನೆ ಎಂದುಕೊಂಡೆ. ನಿನ್ನ ಮೊದಲ ಕಾಗದದಲ್ಲಿ ಮಿಷನ್ ಎಂದು ಓದಿದ ಕೂಡಲೇ ನನಗೆ ಎಲ್ಲ ತಿಳಿಯಿತು, ಒಬ್ಬಳೇ ಕೂತಿದ್ದರೂ ನಾಚಿಕೆಯಿಂದ ಮುಖ ಬಿಸಿಯಾಯಿತು. ಸೊಸೆಯ ಮುಂದೆ ಗೊರಕೆಯವಳಾಗುವುದಕ್ಕಿಂತ ರಾತ್ರಿ ದುಡಿಯುವವಳಾಗುವುದೇ ಮೇಲು ಅನ್ನಿಸಿತು. ಆಮೇಲೆ ಗೋಡೆ ಎಂಥದ್ದು, ಜಾಗ ಎಷ್ಟು ಎಂದು ಕೇಳಿದೆನಲ್ಲ, ಆಗಲೇ ಒಂದು ಉಪಾಯ ಮಾಡಿದ್ದೆ. ಒಳಗೆ ಹತ್ತಿ ತುಂಬಿದ ದಪ್ಪ ಪರದೆಯೊಂದನ್ನು ಹೊಲಿದಿಟ್ಟಿದ್ದೇನೆ, ನನ್ನ ಹಾಸಿಗೆಯ ಸುತ್ತ ಕಟ್ಟಿಕೊಳ್ಳೋಣ ಎಂದು. ನೀನು ಪಕ್ಕದವರ ಮೂಗು ಕೈಗೆ ಸಿಗುತ್ತದೆ ಎಂದು ಬರೆದ ಮೇಲೆ ಧೈರ್ಯ ಹೋಯಿತು.

ಬರಬೇಕೆಂದು ನನಗೆ ಆಸೆ ಇದೆ. ತುಂಬಾ ಇದೆ. ಕಡಲಿನ ಮೇಲೆ ಬೆಳಗಾಗುವುದನ್ನು ನೋಡಿಲ್ಲ. ನೀನೇ ಹೇಳು ಈಗ. ಮತ್ತೆ ಒಂದು ಮಾತು, ಆ ಮಗು ನಿಜವಾಗಿಯೂ ಅದನ್ನೇ ಕೇಳುತ್ತಿದೆಯಾ?

ನಿನ್ನ ಅತ್ತೆ


ಫೆಬ್ರವರಿ 24

ಅತ್ತೆಗೆ,

ನಿಮ್ಮ ಕಾಗದವನ್ನು ಅಂಗಡಿಯಲ್ಲಿ ಒಡೆದು ಓದಿದ್ದು ತಪ್ಪಾಯಿತು. ಕಣ್ಣು ಪರೀಕ್ಷೆಯ ಕುರ್ಚಿಯಲ್ಲಿ ಕೂತಿದ್ದ ಗಿರಾಕಿ, "ಏನಾಯ್ತಮ್ಮಾ, ನನ್ನ ಕಣ್ಣು ಅಷ್ಟು ಕೆಟ್ಟಿದೆಯಾ?" ಎಂದು ಕೇಳಿದರು. ನಾನು ಅಳುತ್ತಿದ್ದೆನೋ ನಗುತ್ತಿದ್ದೆನೋ ನನಗೇ ಗೊತ್ತಿರಲಿಲ್ಲ.

ನಿಜ ಅತ್ತೆ, ಅದನ್ನೇ ಕೇಳುತ್ತಿದ್ದಾನೆ. ನಿಮ್ಮಲ್ಲಿಂದ ಬಂದ ದಿನದಿಂದ. ಹುಟ್ಟಿದಾಗಿನಿಂದ ಸರಿಯಾಗಿ ನಿದ್ದೆ ಮಾಡದ ಮಗು ನಿಮ್ಮಲ್ಲಿ ವಾರವಿಡೀ ಹಾಯಾಗಿ ಮಲಗಿತ್ತು ಎಂದು ನೀವು ಫೋನಿನಲ್ಲಿ ಹೇಳಿದಾಗ ನಾನು "ಒಳ್ಳೇದಾಯ್ತು" ಅಂದೆ. ಒಳಗೆ ಹೊಟ್ಟೆಕಿಚ್ಚಿನಿಂದ ಬೇಯುತ್ತಿದ್ದೆ. ಹೆತ್ತವಳು ನಾನು, ರಾತ್ರಿಯೆಲ್ಲ ಎತ್ತಿಕೊಂಡು ಓಡಾಡುವವಳು ನಾನು, ನಿದ್ದೆ ಬರುವುದು ಮಾತ್ರ ಅಜ್ಜಿಯ ಮನೆಯಲ್ಲಿ! ಅದಕ್ಕೇ ನಿಮಗೆ ಹೇಳಲಿಲ್ಲ. ನೀವು ಬಂದರೆ ಅವನು ಮಲಗುತ್ತಾನೆ ಎಂಬ ಆಸೆಯಿಂದಲೇ ಕರೆದೆ, ಕಾರಣ ಮಾತ್ರ ಬಾಯಿಗೆ ಬರಲಿಲ್ಲ. ನೀವು ಇನ್ನೊಂದು ತುದಿಯ ಕೋಣೆ ಕೇಳಿದಾಗ ನನಗಾದ ದುಃಖ ಅಷ್ಟಿಷ್ಟಲ್ಲ.

ಸಂಜೆ ನಿಮ್ಮ ಮಗನಿಗೆ ಕಾಗದ ತೋರಿಸಿ, "ಅತ್ತೆ ಗೊರಕೆ ಹೊಡೀತಾರೆ ಅಂತ ನಿಮಗೆ ಗೊತ್ತಿತ್ತಾ?" ಅಂದೆ. ಅವರು, "ಓ, ಅದಾ? ಎಲ್ಲರ ಅಮ್ಮಂದಿರೂ ಹಾಗೇ ಮಲಗ್ತಾರೆ ಅಂದ್ಕೊಂಡಿದ್ದೆ" ಅಂದರು. ಲಿಫ್ಟಿನ ಮೋಟರ್ ಕೋಣೆಯಲ್ಲಿ ಮಧ್ಯಾಹ್ನದ ಊಟವಾದ ಮೇಲೆ ಇವರಿಗೆ ಯಾಕೆ ಅಷ್ಟು ಚೆನ್ನಾಗಿ ನಿದ್ದೆ ಬರುತ್ತದೆ ಎಂದು ನನಗೆ ಈಗ ಗೊತ್ತಾಯಿತು.

ಮರುದಿನವೇ ಏಜೆಂಟರ ಹತ್ತಿರ ಹೋದೆ. "ಇಂಜಿನ್ನಿಗೆ ತೀರಾ ಹತ್ತಿರದ ಕೋಣೆ ಯಾವುದು?" ಎಂದು ಕೇಳಿದೆ. "ಹೆದರಬೇಡಿ ಮೇಡಂ, ನಿಮಗೆ ದೂರದ್ದೇ ಕೊಟ್ಟಿದ್ದೀನಿ" ಅಂದರು. "ಅಲ್ಲ, ನನಗೆ ಹತ್ತಿರದ್ದೇ ಬೇಕು" ಅಂದೆ. ಅವರು ಪೆನ್ನು ಕೆಳಗಿಟ್ಟು ನನ್ನನ್ನೇ ನೋಡಿದರು. ಕೆಳಗಿನ ಮಹಡಿ, ಹಿಂದಿನ ಮೂಲೆ, ಇಂಜಿನ್ನಿನ ಸರಿ ಮೇಲೆ ಐದು ಜನರ ಒಂದು ಕೋಣೆ ಇದೆಯಂತೆ. ಕಿಟಕಿ ಇಲ್ಲ. ಒಂದು ಪಕ್ಕದಲ್ಲಿ ಹೊದಿಕೆಗಳನ್ನಿಡುವ ಉಗ್ರಾಣ, ಇನ್ನೊಂದು ಪಕ್ಕದಲ್ಲಿ ಮಾತ್ರ ಜನ. ಯಾರೂ ಬಯಸಿ ತೆಗೆದುಕೊಳ್ಳುವುದಿಲ್ಲವಂತೆ. ನಾನು ಬಯಸಿ ತೆಗೆದುಕೊಂಡೆ. ಅಲ್ಲಿ ನೀವು ಎಷ್ಟು ಗೊರಕೆ ಹೊಡೆದರೂ ಆ ಸದ್ದಿನ ಅಪವಾದ ಇಂಜಿನ್ನಿನ ತಲೆಗೇ ಬರುತ್ತದೆ.

ಐದು ಟಿಕೆಟ್. ಒಂದೇ ಕೋಣೆ. ಇನ್ನು ನೆಪ ಹೇಳುವ ಹಾಗಿಲ್ಲ.

ನಿಮ್ಮ ಸೊಸೆ


ಏಪ್ರಿಲ್ 21

ಅತ್ತೆಗೆ,

ಬಂದರಿನಲ್ಲಿ ಬೀಳ್ಕೊಟ್ಟು ಎರಡು ದಿನವೂ ಆಗಿಲ್ಲ, ಆಗಲೇ ಕಾಗದ ಎಂದು ನಗಬೇಡಿ. ಹಡಗಿನಲ್ಲಿ ನೀವೂ ನನ್ನ ಜೊತೆಗಿದ್ದಿರಿ, ಎಲ್ಲವನ್ನೂ ನೋಡಿದ್ದೀರಿ. ಆದರೆ ಒಂದನ್ನು ಮಾತ್ರ ನೀವು ನೋಡಲಿಲ್ಲ, ಯಾಕೆಂದರೆ ಆಗ ನೀವು ನಿದ್ದೆ ಹೋಗಿದ್ದಿರಿ. ಅದನ್ನು ಬರೆದಿಡಬೇಕು.

ಮೊದಲ ರಾತ್ರಿ ನೀವು ಮಲಗಲಿಲ್ಲ. ನನಗೆ ಗೊತ್ತು. ಪರದೆ ಕಟ್ಟಿಕೊಂಡು ಅದರ ಹಿಂದೆ ಕೂತು, ನಿದ್ದೆ ಬಂದಾಗಲೆಲ್ಲ ಕೈ ಚಿವುಟಿಕೊಂಡು, ಲಾಯರಮ್ಮನ ಲಂಗದ ಅಂಚು ಹೊಲಿಯುತ್ತಿದ್ದಿರಿ. ಬುಗುರಿ ಅಳುತ್ತಿದ್ದ. ನಿಮ್ಮ ಮಗ ಅವನನ್ನು ಎತ್ತಿಕೊಂಡು, "ಕೇಳು, ಇಂಜಿನ್ನು! ಅಜ್ಜಿ ಮಿಷನ್ ಥರಾನೇ ಇದೆ ಅಲ್ವಾ?" ಅಂದರು. ಅವನು ಕಣ್ಣೀರು ಒರೆಸಿಕೊಂಡು ಗಮನವಿಟ್ಟು ಕೇಳಿ, "ಇದಲ್ಲ" ಅಂದು ಮತ್ತೆ ಶುರು ಮಾಡಿದ. ಇಷ್ಟೆಲ್ಲ ಓಡಾಡಿ ಹಿಡಿದ ಕೋಣೆಯನ್ನು ಅವನು ಒಂದೇ ಮಾತಿನಲ್ಲಿ ತಳ್ಳಿಹಾಕಿದ.

ಎರಡನೆಯ ದಿನ ದ್ವೀಪ ಸುತ್ತಿ, ಮರಳಿನಲ್ಲಿ ಮಕ್ಕಳ ಹಿಂದೆ ಓಡಿ ನೀವು ಸುಸ್ತಾಗಿದ್ದಿರಿ. ಸಂಜೆ ಬುಗುರಿ ನಿಮ್ಮ ದಪ್ಪ ಪರದೆಯನ್ನು ಎಳೆದು ಬೀಳಿಸಿ ಗುಡಾರ ಮಾಡಿಕೊಂಡಿದ್ದ. ಅದನ್ನು ಮತ್ತೆ ಕಟ್ಟಲು ನಿಮಗೂ ಶಕ್ತಿ ಇರಲಿಲ್ಲ, ನಾನೂ ಕಟ್ಟಲಿಲ್ಲ. ನೀವು ಸೂಜಿ ಕೈಯಲ್ಲಿ ಹಿಡಿದಂತೆಯೇ ದಿಂಬಿಗೆ ಒರಗಿದಿರಿ. ನಾನು ಸೂಜಿ ತೆಗೆದಿಟ್ಟೆ.

ಮೊದಲು ಒಂದು ಚಿಕ್ಕ ಸದ್ದು. ಆಮೇಲೆ ಶುರುವಾಯಿತು ನೋಡಿ! ನೀವು ಹೇಳಿದ್ದು ಸುಳ್ಳಲ್ಲ ಅತ್ತೆ, ನಿಜಕ್ಕೂ ಅಂಥಿಂಥದ್ದಲ್ಲ. ಕಾಲಿನಿಂದ ತುಳಿದು ವೇಗ ಹೆಚ್ಚಿಸಿದ ಹಾಗೆ ಏರುತ್ತದೆ, ಬಟ್ಟೆಯ ತುದಿಗೆ ಬಂದ ಹಾಗೆ ನಿಲ್ಲುತ್ತದೆ, ಮತ್ತೆ ಏರುತ್ತದೆ. ಅಳಲು ಬಾಯಿ ತೆರೆದಿದ್ದ ಬುಗುರಿ ಹಾಗೇ ನಿಂತ. ನನ್ನ ಕಡೆ ತಿರುಗಿ, "ಹಾಂ. ಇದು" ಅಂದ. ನಿಮ್ಮ ಹಾಸಿಗೆ ಹತ್ತಿ ಕಾಲ ಬಳಿ ಮುದುರಿಕೊಂಡು ಮಲಗಿಯೇಬಿಟ್ಟ. ಅವನ ಹಿಂದೆಯೇ ಲಾಯರಮ್ಮ. ಆಮೇಲೆ ಮೇಲಿನ ಮಂಚದಲ್ಲಿ ನಿಮ್ಮ ಮಗ, ಬಾಯಿ ತೆರೆದುಕೊಂಡು, ಬುಗುರಿಯ ಹಾಗೆಯೇ.

ಎಚ್ಚರವಿದ್ದವಳು ನಾನೊಬ್ಬಳೇ. ಅಷ್ಟು ಸದ್ದಿನಲ್ಲಿ ನನಗೆ ನಿದ್ದೆ ಬರುವ ಹಾಗಿರಲಿಲ್ಲ, ಬೇಕಾಗಿಯೂ ಇರಲಿಲ್ಲ. ಆ ರಾತ್ರಿ ಯಾರೂ ನನ್ನನ್ನು ಅಮ್ಮಾ ಎಂದು ಕರೆಯಲಿಲ್ಲ. ನಾನು ಸೋಫಾದ ಮೇಲೆ ಕಾಲು ಚಾಚಿ ನಿಮ್ಮೆಲ್ಲರನ್ನೂ ನೋಡುತ್ತಾ ಕೂತಿದ್ದೆ, ಎಷ್ಟು ಸಂತೋಷವಾಗಿತ್ತು ಎಂದರೆ ಬೆಳಗಾಗುವುದೇ ಬೇಡ ಅನ್ನಿಸಿತು. ಹೊಟ್ಟೆಕಿಚ್ಚು ಪೂರ್ತಿ ಹೋಯಿತೇ ಎಂದು ಕೇಳಬೇಡಿ. ಸ್ವಲ್ಪ ಇದೆ. ಇರಲಿ ಬಿಡಿ.

ಬೆಳಿಗ್ಗೆ ತಿಂಡಿಯ ಹೊತ್ತಿಗೆ ಪಕ್ಕದ ಕೋಣೆಯವರು ಕೌಂಟರಿನಲ್ಲಿ, "ರಾತ್ರಿ ಇಂಜಿನ್ನಿಗೆ ಏನೋ ಆಗಿತ್ತು, ಸದ್ದು ಜಾಸ್ತಿ ಇತ್ತು" ಎಂದು ದೂರು ಕೊಡುತ್ತಿದ್ದರು. ನಿಮ್ಮ ಮಗ ಅವರ ಪಕ್ಕದಲ್ಲೇ ನಿಂತು, "ಹಳೇ ಇಂಜಿನ್ನು ಸಾರ್, ಆದ್ರೆ ಗಟ್ಟಿ" ಅಂದರು. ಮುಖದಲ್ಲಿ ಒಂದು ಗೆರೆಯೂ ಅಲ್ಲಾಡಲಿಲ್ಲ.

ಮನೆಗೆ ಬಂದು ಎರಡು ರಾತ್ರಿಯಾಯಿತು. ಬುಗುರಿ ಮತ್ತೆ ಎದ್ದು ಕೂರುತ್ತಿದ್ದಾನೆ. ಪರದೆ ನಮ್ಮ ಚೀಲದಲ್ಲೇ ಉಳಿದುಹೋಗಿದೆ, ಅವನು ಅದನ್ನು ಹೊದ್ದುಕೊಂಡು ಬಾಗಿಲ ಕಡೆ ನೋಡುತ್ತಾ ಮಲಗುತ್ತಾನೆ.

ನಿಮ್ಮ ಸೊಸೆ


ಏಪ್ರಿಲ್ 27

ಮಗಳೇ,

ನಿನ್ನ ಕಾಗದವನ್ನು ಅಂಗಡಿಯಲ್ಲಿ ಎಲ್ಲರಿಗೂ ಓದಿ ಹೇಳಿದೆ. ಗೊರಕೆಯ ಭಾಗವನ್ನೂ ಬಿಡಲಿಲ್ಲ. ಬಟ್ಟೆ ಕತ್ತರಿಸುವ ಅಕ್ಕ ನಕ್ಕು ನಕ್ಕು ಕತ್ತರಿ ಕೆಳಗಿಟ್ಟಳು, ಕೊನೆಗೆ ಕಣ್ಣೊರೆಸಿಕೊಂಡು, "ಅವತ್ತು ಜಗಲಿಗೆ ಹೋಗಿದ್ದು ತಪ್ಪಾಯ್ತು ಕಣಮ್ಮ" ಅಂದಳು. ಇಷ್ಟು ವರ್ಷವಾದ ಮೇಲೆ.

ನೀನು ನಂಬುತ್ತೀಯೋ ಇಲ್ಲವೋ, ಹಡಗಿನಿಂದ ಬಂದ ಮೇಲೆ ನನಗೂ ಇಲ್ಲಿ ನಿದ್ದೆ ಸರಿಯಾಗಿ ಬರುತ್ತಿಲ್ಲ. ನನ್ನ ಸದ್ದು ನನಗೆ ಎಂದೂ ಕೇಳಿಸಿದ್ದಲ್ಲ, ಅದು ಇದ್ದರೂ ಒಂದೇ ಇಲ್ಲದಿದ್ದರೂ ಒಂದೇ. ಆದರೆ ಕಾಲ ಹತ್ತಿರ ಒದೆಯುವವರು ಇಲ್ಲದೆ ಮಂಚ ತೀರಾ ಅಗಲವಾಗಿ ಕಾಣುತ್ತದೆ.

ಶನಿವಾರ ಅಂಗಡಿ ಮುಚ್ಚಿ ಬರುತ್ತೇನೆ. ಸಂಜೆಯ ಬಸ್ಸಿಗೆ ಬರುತ್ತೇನೆ, ಸಂಜೆಯ ಬಸ್ಸಿಗೆ ಹೊರಡುವುದಿಲ್ಲ. ನೀನು ಕಿವಿಗೆ ಹತ್ತಿ ಇಟ್ಟುಕೊಂಡು ಒಂದು ರಾತ್ರಿ ಸರಿಯಾಗಿ ನಿದ್ದೆ ಮಾಡು.

ಹಾಸಿಗೆಯನ್ನು ಮಕ್ಕಳ ಹತ್ತಿರವೇ ಹಾಕು. ನನಗೆ ಬೇರೆ ಕೋಣೆ ಬೇಡ.

ನಿನ್ನ ಅತ್ತೆ